ಲೆಬನಾನಿನ ಒಂದು ದ್ರಾಕ್ಷಿ ಮನೆತನ

(ದ್ರಾಕ್ಷಿ ಬೆಳೆಗಾರರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಹೊತ್ತಿನಲ್ಲಿ ನಾನು ದ್ರಾಕ್ಷಿಗೆ ಗೊಬ್ಬರ ಕೊಡುವ ಕ್ರಮವನ್ನು ಕುರಿತು ಮಾತನಾಡಬೇಕೆಂದು ಕಾರ್ಯಕ್ರಮದ ಪಟ್ಟಿಯಲ್ಲಿದೆ. ಆ ವಿಷಯವನ್ನು ಬೆಳಿಗ್ಗೆಯೇ ಚಪ್ಪರದ ಕೆಳಗೆ ನಿಂತು ಚರ್ಚಿಸಿ ಮುಗಿಸಿದ್ದೇವೆ. ಊಟದ ಮೇಲೆ ಮತ್ತೆ ಅದನ್ನೇ ಹೇಳಿದರೆ ನೀವು ನಿದ್ದೆ ಮಾಡುತ್ತೀರಿ, ನಾನೂ ತೂಕಡಿಸುತ್ತೇನೆ. ಆದ್ದರಿಂದ ಒಂದು ದ್ರಾಕ್ಷಿ ಬೆಳೆಗಾರ ಮನೆತನದ ಚರಿತ್ರೆಯನ್ನು ಹೇಳೋಣವೆಂದುಕೊಂಡಿದ್ದೇನೆ. ನಾನು ಆ ತೋಟವನ್ನು ಕಣ್ಣಾರೆ ಕಂಡವನಲ್ಲ, ಓದಿ ತಿಳಿದವನು. ಆದರೂ ದ್ರಾಕ್ಷಿಯ ಪಾಠ ಮಾಡುವಾಗಲೆಲ್ಲ ಅದರ ನೆನಪು ಬರುತ್ತದೆ.

ಆ ಮನೆತನ ಮಾಡುವುದು ವೈನು. ಈ ಮಾತು ಕೇಳಿದ ಕೂಡಲೆ ಹಿಂದಿನ ಸಾಲಿನ ಹಿರಿಯರೊಬ್ಬರು ಹುಬ್ಬು ಗಂಟಿಕ್ಕಿದ್ದನ್ನು ಗಮನಿಸಿದೆ. ಕುಡಿಯಿರೆಂದು ಹೇಳಲು ನಾನು ಬಂದಿಲ್ಲ, ಯಜಮಾನರೆ. ನಾಲ್ಕು ದಿನಕ್ಕೆ ಕೆಡುವ ಹಣ್ಣನ್ನು ನಲವತ್ತು ವರ್ಷ ಇಡಬಲ್ಲ ಸರಕಾಗಿ ಮಾಡುವ ಒಂದು ಕಸಬೆಂದು ಮಾತ್ರ ಅದನ್ನು ನೋಡೋಣ. ನೀವು ಒಣದ್ರಾಕ್ಷಿ ಮಾಡುವುದೂ ಅದೇ ಕಾರಣಕ್ಕಲ್ಲವೆ?

ಮೆಡಿಟರೇನಿಯನ್ ಸಮುದ್ರದ ಪೂರ್ವ ದಡದಲ್ಲಿ ಲೆಬನಾನ್ ಎಂಬ ದೇಶವಿದೆ. ಅದರ ವಿಸ್ತೀರ್ಣ 10,452 ಚದರ ಕಿಲೋಮೀಟರು, ಅಂದರೆ ಹೆಚ್ಚುಕಡಿಮೆ ನಮ್ಮ ವಿಜಯಪುರ ಜಿಲ್ಲೆಯಷ್ಟು. ಸಮುದ್ರದ ಪಕ್ಕದಲ್ಲಿ ಕಿರಿದಾದ ಕರಾವಳಿ, ಅದರ ಬೆನ್ನಿಗೇ ಹಿಮ ಬೀಳುವ ಲೆಬನಾನ್ ಪರ್ವತ. ಪರ್ವತದ ಆಚೆಗೆ ಬೆಕಾ ಎಂಬ ಉದ್ದನೆಯ ಕಣಿವೆ, ಕಣಿವೆಯ ಆಚೆಗೆ ಇನ್ನೊಂದು ಪರ್ವತ ಸಾಲು, ಅದರಾಚೆ ಸಿರಿಯಾ. ಬೆಕಾ ಕಣಿವೆ ಸಮುದ್ರಮಟ್ಟದಿಂದ ಸುಮಾರು 1000 ಮೀಟರು ಎತ್ತರದಲ್ಲಿದೆ. ಮಳೆಯೆಲ್ಲ ಚಳಿಗಾಲದಲ್ಲಿ ಸುರಿಯುತ್ತದೆ, ಬೇಸಿಗೆಯಲ್ಲಿ ಒಂದು ಹನಿಯೂ ಇಲ್ಲವೆನ್ನಬಹುದು. ಹಗಲು ಬಿಸಿಲು, ರಾತ್ರಿ ತಂಪು. ಹಣ್ಣು ಮಾಗುವ ಕಾಲದಲ್ಲಿ ಮೋಡ ಕವಿದು ಬೂದಿರೋಗ, ಬೂಜುರೋಗಗಳ ಹೆದರಿಕೆಯಲ್ಲಿ ದಿನ ನೂಕುವ ನಮ್ಮ ಬೆಳೆಗಾರರಿಗೆ ಇದು ಹೊಟ್ಟೆಕಿಚ್ಚು ಪಡುವಂಥ ಹವೆ. ಅಲ್ಲಿ ದ್ರಾಕ್ಷಿ ಹಳೆಯದೆಂಬುದಕ್ಕೆ ಸಾಕ್ಷಿ ಬೇಕಾದರೆ, ಬಾಲ್‌ಬೆಕ್ ಊರಿನಲ್ಲಿ ರೋಮನ್ನರು ತಮ್ಮ ದ್ರಾಕ್ಷಾರಸದ ದೇವರಾದ ಬಾಕಸನಿಗೆಂದು ಕಟ್ಟಿದರೆನ್ನುವ ದೇವಾಲಯ ಇಂದಿಗೂ ನಿಂತಿದೆ.

ಇನ್ನು ಮನೆತನದ ವಿಚಾರ. ಹೆಸರು ಹೊಶಾರ್. ತಮ್ಮ ಪೂರ್ವಿಕರು ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸಿನಿಂದ ಬಂದವರೆಂದು ಅವರು ಹೇಳಿಕೊಳ್ಳುತ್ತಾರೆ. ಅಷ್ಟು ಹಿಂದಿನದಕ್ಕೆ ಪಹಣಿ ಪತ್ರ ಕೇಳುವುದು ಬೇಡ. ನಮಗೆ ಬೇಕಾದ ಚರಿತ್ರೆ ಆರಂಭವಾಗುವುದು 1930ರಲ್ಲಿ. ಆಗ ಗಾಸ್ಟನ್ ಹೊಶಾರ್ ಎಂಬ ಇಪ್ಪತ್ತು ವರ್ಷದ ತರುಣ ಫ್ರಾನ್ಸಿನ ಬೋರ್ಡೊ ಪ್ರಾಂತದ ತೋಟಗಳನ್ನು ನೋಡಿಕೊಂಡು ಬಂದು, ಗಜೀರ್ ಎಂಬ ಊರಿನ ಹಳೆಯ ಕೋಟೆಮನೆಯೊಂದರ ನೆಲಮಾಳಿಗೆಯಲ್ಲಿ ವೈನು ಮಾಡಲು ತೊಡಗಿದ. ಅದಕ್ಕೆ ಶಾಟೊ ಮುಸಾರ್ ಎಂದು ಹೆಸರಾಯಿತು. ಆಗ ಲೆಬನಾನ್ ಫ್ರೆಂಚರ ಆಡಳಿತದಲ್ಲಿತ್ತು. ಫ್ರೆಂಚ್ ಅಧಿಕಾರಿಗಳೂ ಸಿಪಾಯಿಗಳೂ ಊರಿನಲ್ಲೇ ಇದ್ದುದರಿಂದ ಗಿರಾಕಿಗಳನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ.

ಇಲ್ಲೊಂದು ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಗಜೀರ್ ಇರುವುದು ಬೇರೂತ್ ನಗರದ ಉತ್ತರಕ್ಕೆ ಸುಮಾರು 25 ಕಿಲೋಮೀಟರು ದೂರದಲ್ಲಿ, ಸಮುದ್ರದ ಮಗ್ಗುಲಲ್ಲಿ. ದ್ರಾಕ್ಷಿ ಬೆಳೆಯುವುದು ಪರ್ವತದ ಆಚೆಗೆ, ಬೆಕಾ ಕಣಿವೆಯಲ್ಲಿ. ಬೆಕಾ ಕಣಿವೆಯನ್ನು ಲೆಬನಾನಿಗೆ ಸೇರಿಸಿ 1920ರಲ್ಲಿ ಗಡಿ ಗುರುತಿಸಿ ಹತ್ತು ವರ್ಷವಾಗಿತ್ತಷ್ಟೆ. ಆ ಗಡಿ ನಾಳೆ ಎಲ್ಲಿರುತ್ತದೋ ಎಂಬ ಅನುಮಾನದಿಂದ ಗಾಸ್ಟನ್ ತನ್ನ ಕಾರ್ಖಾನೆಯನ್ನು ಈಚೆಗೇ ಇಟ್ಟನೆಂದು ಮನೆಯವರು ಹೇಳುತ್ತಿದ್ದರು. ತೋಟಕ್ಕೂ ಕಾರ್ಖಾನೆಗೂ ನಡುವೆ 1500 ಮೀಟರಿಗೂ ಎತ್ತರದ ಒಂದು ಕಣಿವೆದಾರಿ. ಶಾಂತಿಯ ದಿನಗಳಲ್ಲಿ ಲಾರಿಗೆ ಅದು ಎರಡು ಮೂರು ಗಂಟೆಯ ಹಾದಿ. ನಲವತ್ತೈದು ವರ್ಷಗಳ ಕಾಲ ಅದೊಂದು ತೊಂದರೆಯೆಂದೇ ಯಾರಿಗೂ ತೋರಲಿಲ್ಲ.

ಗಾಸ್ಟನ್ನನಿಗೆ ಸೆರ್ಜ್ ಮತ್ತು ರೊನಾಲ್ಡ್ ಎಂದು ಇಬ್ಬರು ಗಂಡುಮಕ್ಕಳು. ಎರಡನೆಯವನ ಹೆಸರಿಗೆ ಕಾರಣವಿದೆ. ಎರಡನೆಯ ಮಹಾಯುದ್ಧದಲ್ಲಿ ಲೆಬನಾನಿಗೆ ಬಂದಿದ್ದ ರೊನಾಲ್ಡ್ ಬಾರ್ಟನ್ ಎಂಬ ಸೈನ್ಯಾಧಿಕಾರಿ ಬೋರ್ಡೊದ ದ್ರಾಕ್ಷಿ ತೋಟವೊಂದರ ಒಡೆಯ. ಗಾಸ್ಟನ್ನನಿಗೆ ಅವನೊಡನೆ ಬೆಳೆದ ಸ್ನೇಹದ ಗುರುತು ಮಗನ ಹೆಸರಿನಲ್ಲಿ ಉಳಿಯಿತು. ಹಿರಿಯ ಮಗ ಸೆರ್ಜ್ 1939ರಲ್ಲಿ ಹುಟ್ಟಿದವನು. ಮೊದಲು ಓದಿದ್ದು ಎಂಜಿನಿಯರಿಂಗು, ಆಮೇಲೆ ಬೋರ್ಡೊ ವಿಶ್ವವಿದ್ಯಾನಿಲಯದಲ್ಲಿ ಜಾನ್ ರಿಬೆರೊ-ಗಯೋಂ ಮತ್ತು ಎಮಿಲ್ ಪೆನೊ ಎಂಬ ಇಬ್ಬರು ದೊಡ್ಡ ವಿಜ್ಞಾನಿಗಳ ಬಳಿ ವೈನುಶಾಸ್ತ್ರ ಕಲಿತ. 1959ರಿಂದಲೇ ವೈನು ಮಾಡುವ ಕೆಲಸ ಅವನ ಕೈಗೆ ಬಂತು. ಮಾಡಿದರೆ ನನ್ನ ರೀತಿಯಲ್ಲೇ ಮಾಡುತ್ತೇನೆಂದು ಇಪ್ಪತ್ತರ ಮಗ ಹಟ ಹಿಡಿದಾಗ ತಂದೆ ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಟ್ಟ. ಇಲ್ಲಿ ಕುಳಿತಿರುವ ಎಷ್ಟು ಜನ ತಂದೆಯರು ಹಾಗೆ ಮಾಡಿಯಾರು? 1962ರಲ್ಲಿ ತಮ್ಮ ರೊನಾಲ್ಡ್ ಬಂದು ಹಣಕಾಸು ಮತ್ತು ಮಾರಾಟ ವಹಿಸಿಕೊಂಡ. ಅಣ್ಣತಮ್ಮಂದಿರು ಕೆಲಸವನ್ನು ಪಾಲು ಮಾಡಿಕೊಂಡರೇ ಹೊರತು ಕಸಬನ್ನು ಒಡೆಯಲಿಲ್ಲ. ನಮ್ಮಲ್ಲಿ ನಾಲ್ಕೆಕರೆ ತೋಟ ಎರಡು ಚಪ್ಪರ, ಎರಡು ಬೋರು, ಎರಡು ಸಾಲವಾಗುವುದನ್ನು ದಿನವೂ ನೋಡುತ್ತಿರುವವನು ನಾನು. ಆದ್ದರಿಂದ ಈ ಮಾತನ್ನು ಸ್ವಲ್ಪ ಒತ್ತಿ ಹೇಳಿದೆ.

ತೋಟದ ವಿವರ ಕೆಲವರು ಕೇಳಿಯೇ ಕೇಳುತ್ತೀರಿ. ಕೆಂಪು ವೈನಿಗೆ ಮೂರು ತಳಿಗಳು: ಕಬರ್ನೆ ಸೊವಿನ್ಯೋಂ, ಕಾರಿನ್ಯಾನ್, ಸಿನ್ಸೊ. ಮೂರೂ ಫ್ರಾನ್ಸಿನ ಕಡೆ ಚೆನ್ನಾಗಿ ಬಲ್ಲವು. ಸುಣ್ಣಕಲ್ಲಿನ ಮೇಲೆ ಗರಸು ಹರಡಿದ ನೆಲದಲ್ಲಿ ಕೆಫ್ರಯಾ, ಆನಾ ಎಂಬ ಹಳ್ಳಿಗಳ ಸುತ್ತ ಇವನ್ನು ಬೆಳೆಯುತ್ತಾರೆ. ಬಿಳಿ ವೈನಿಗೆ ಒಬೈದೆ, ಮೆರ್ವಾ ಎಂಬ ಅಲ್ಲಿನದೇ ನಾಟಿ ತಳಿಗಳು. ಇವು ಇನ್ನೂ ಎತ್ತರದ ಬೆಟ್ಟದ ಓರೆಯಲ್ಲಿವೆ. ಕಸಿ ಮಾಡದೆ ಸ್ವಂತ ಬೇರಿನ ಮೇಲೆಯೇ ನಿಂತಿವೆ. ಇದು ಸಣ್ಣ ಸಂಗತಿಯಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಯುರೋಪಿನ ತೋಟಗಳನ್ನು ಹಾಳುಗೆಡವಿದ ಮೇಲೆ, ಪ್ರಪಂಚದ ಬಹುಪಾಲು ದ್ರಾಕ್ಷಿ ಅಮೆರಿಕದ ಬೇರುಸಸಿಗಳ ಮೇಲೆ ಕಸಿಯಾಗಿ ಬದುಕಿದೆ. ಈ ಎರಡು ತಳಿಗಳಲ್ಲಿ ಹೆಚ್ಚಿನ ಭಾಗವನ್ನು ಲೆಬನಾನಿನ ಜನ ಅರಕ್ ಎಂಬ ಸೋಂಪಿನ ವಾಸನೆಯ ಭಟ್ಟಿ ಪಾನೀಯಕ್ಕೆ ಬಳಸುತ್ತಿದ್ದರು. ಸೆರ್ಜ್ ಅವುಗಳಿಂದಲೇ ಬಿಳಿ ವೈನು ಮಾಡಿ, ತನ್ನ ಕೆಂಪು ವೈನಿಗಿಂತ ಅದೇ ಮೇಲೆಂದು ವಾದಿಸುತ್ತಿದ್ದ.

ಚಪ್ಪರವಿಲ್ಲ. ಹಳೆಯ ಬಳ್ಳಿಗಳು ಗಿಡದಂತೆ ಕುಳ್ಳಗೆ ನಿಂತಿರುತ್ತವೆ. ಚಾಟ್ನಿ ವರ್ಷಕ್ಕೆ ಒಂದೇ ಸಲ, ಬಳ್ಳಿ ಎಲೆ ಉದುರಿಸಿ ಮಲಗಿರುವ ಚಳಿಗಾಲದಲ್ಲಿ. ನಮ್ಮಲ್ಲಿ ಬಳ್ಳಿ ಮಲಗುವುದೇ ಇಲ್ಲವಾದ್ದರಿಂದ ಏಪ್ರಿಲಿಗೊಮ್ಮೆ ಅಕ್ಟೋಬರಿಗೊಮ್ಮೆ ಕತ್ತರಿ ಹಿಡಿಯುತ್ತೇವೆ. ಇಳುವರಿ ಎಷ್ಟೆಂದು ಹೇಳಿದರೆ ನಗುತ್ತೀರಿ: ಎಕರೆಗೆ ಎರಡು ಟನ್ನಿಗೂ ಕಡಿಮೆ. ನಿಮ್ಮಲ್ಲಿ ಎಂಟು ಹತ್ತು ಟನ್ನು ತೆಗೆಯುವವರಿದ್ದೀರಿ. ತಿನ್ನುವ ಹಣ್ಣಿಗೆ ಗಾತ್ರ, ಹೊಳಪು, ತೂಕ ಬೇಕು. ವೈನಿಗೆ ಬೇಕಾದದ್ದು ಸಕ್ಕರೆ, ಹುಳಿ ಮತ್ತು ಸಿಪ್ಪೆಯಲ್ಲಿರುವ ಬಣ್ಣ, ಒಗರು. ಕಾಳು ದಪ್ಪವಾದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಕಡಿಮೆಯಾಗುತ್ತದೆ.

ಮಾಡುವ ವಿಧಾನದಲ್ಲಿ ಒಂದು ವಿಶೇಷವಿದೆ. ಹೊರಗಿನ ಹುದುಗು ಬೆರೆಸುವುದಿಲ್ಲ. ಹಣ್ಣಿನ ಜೊತೆಗೆ, ಕಾರ್ಖಾನೆಯ ಗೋಡೆಯಲ್ಲಿ ಇರುವ ಹುದುಗೇ ಕೆಲಸ ಮಾಡಬೇಕು. ಸಿಮೆಂಟಿನ ತೊಟ್ಟಿಯಲ್ಲಿ 30 ಡಿಗ್ರಿ ಶಾಖ ಮೀರದಂತೆ ಹುದುಗಿಸಿ, ತಳಿಗಳನ್ನು ಬೇರೆ ಬೇರೆಯಾಗಿಯೇ ಫ್ರಾನ್ಸಿನ ಓಕ್ ಮರದ ಪೀಪಾಯಿಯಲ್ಲಿ ಒಂದು ವರ್ಷ ಇಟ್ಟು, ಆಮೇಲೆ ಬೆರೆಸಿ, ಸೀಸೆಗೆ ತುಂಬಿ ಮತ್ತೆ ನಾಲ್ಕು ವರ್ಷ ನೆಲಮಾಳಿಗೆಯಲ್ಲಿ ಮಲಗಿಸುತ್ತಾರೆ. ಕೊಯ್ದ ಏಳನೆಯ ವರ್ಷಕ್ಕೆ ಕೆಂಪು ವೈನು ಮಾರಾಟಕ್ಕೆ ಬರುತ್ತದೆ. ಈ ಬೆರಕೆಯ ಹದವನ್ನು ಹಿಡಿಯಲು ಸೆರ್ಜ್ ತೆಗೆದುಕೊಂಡದ್ದು 18 ವರ್ಷ. 1977ರಲ್ಲಿ ಹದ ಕೂಡಿತೆಂದು ಅವನು ಹೇಳುತ್ತಿದ್ದ. ಅಷ್ಟರಲ್ಲಿ ತಂದೆ ತೀರಿಕೊಂಡು ಐದು ವರ್ಷವಾಗಿತ್ತು, ದೇಶಕ್ಕೆ ಬೆಂಕಿ ಬಿದ್ದು ಎರಡು ವರ್ಷವಾಗಿತ್ತು.

1975ರ ಏಪ್ರಿಲಿನಲ್ಲಿ ಆರಂಭವಾದ ಲೆಬನಾನಿನ ಅಂತರ್ಯುದ್ಧ 1990ರವರೆಗೆ ನಡೆಯಿತು. ಯಾರು ಯಾರ ಮೇಲೆ ಏಕೆ ಹೊಡೆದಾಡಿದರೆಂಬುದಕ್ಕೆ ಈ ಒಂದು ಗಂಟೆ ಸಾಲದು. ಬೇಸಾಯದ ದೃಷ್ಟಿಯಿಂದ ಹೇಳುವುದಾದರೆ, ತೋಟ ಒಂದು ಸೈನ್ಯದ ಹಿಡಿತದಲ್ಲಿ, ಕಾರ್ಖಾನೆ ಇನ್ನೊಂದು ಪಡೆಯ ಹಿಡಿತದಲ್ಲಿ, ನಡುವಿನ ರಸ್ತೆ ಯಾರು ಬಂದೂಕು ಹಿಡಿದಿದ್ದರೆ ಅವರ ಹಿಡಿತದಲ್ಲಿ ಎಂಬಂತಾಯಿತು. ಮೊದಲು ನೆನಪಿಟ್ಟುಕೊಳ್ಳಿರೆಂದು ಹೇಳಿದ ಆ ಎರಡು ಮೂರು ಗಂಟೆಯ ಹಾದಿ ಈಗ ಮನೆತನದ ಕೊರಳಿಗೆ ಬಂತು.

1976ರಲ್ಲಿ ರಸ್ತೆಯಿಲ್ಲ, ವಿದ್ಯುತ್ತಿಲ್ಲ. ಆ ವರ್ಷ ವೈನು ಆಗಲೇ ಇಲ್ಲ. ಪುಸ್ತಕದಲ್ಲಿ ಅದೊಂದು ಸಾಲು. ಆದರೆ ಬೇಸಾಯಗಾರ ಅದನ್ನು ಓದುವ ರೀತಿ ಬೇರೆ. ಜೋಳದ ಹೊಲವನ್ನು ಒಂದು ವರ್ಷ ಬೀಳುಬಿಟ್ಟರೆ ಮರುವರ್ಷ ಬಿತ್ತಬಹುದು. ಬಳ್ಳಿಯನ್ನು ಹಾಗೆ ಬಿಡಲಾಗದು. ಫಸಲು ಕೈಗೆ ಬರಲಿ ಬಿಡಲಿ, ಚಳಿಗಾಲದಲ್ಲಿ ಸವರಲೇಬೇಕು; ಸವರದಿದ್ದರೆ ಕಡ್ಡಿ ಕಾಡಾಗಿ ಮುಂದಿನ ಫಸಲೂ ಕೆಡುತ್ತದೆ. 1977ರಲ್ಲಿ ಆ ತೋಟಗಳಿಂದ ಒಳ್ಳೆಯ ದ್ರಾಕ್ಷಿ ಬಂತೆಂದರೆ, ಒಂದು ಕಾಳೂ ಮಾರಾಟವಾಗದ ಆ ವರ್ಷದ ಚಳಿಗಾಲದಲ್ಲಿ ಕಣಿವೆಯ ಜನ ಕತ್ತರಿ ಹಿಡಿದು ಸಾಲು ಸಾಲಾಗಿ ಹೋಗಿದ್ದಾರೆ ಎಂದೇ ಅರ್ಥ. ಅವರ ಹೆಸರುಗಳು ಯಾವ ಸೀಸೆಯ ಮೇಲೂ ಇಲ್ಲ. ಯುದ್ಧದ ವರ್ಷಗಳಲ್ಲಿ ಬೆಕಾ ಕಣಿವೆಯ ಎಷ್ಟೋ ಹೊಲಗಳು ಗಾಂಜಾ ಬೆಳೆಗೆ ತಿರುಗಿದ್ದವು. ಅದಕ್ಕೆ ಕೊಳ್ಳುವವರು ಹೊಲಕ್ಕೇ ಬರುತ್ತಿದ್ದರು, ಹಣ ಕೈಗೆ ಕೈಗೇ. ಅಂಥ ಕಡೆ ಬಳ್ಳಿ ಕೀಳದೆ ಉಳಿಸಿಕೊಂಡದ್ದು ಸುಲಭವಾಗಿರಲಾರದು.

1983ರ ಸೆಪ್ಟೆಂಬರಿನಲ್ಲಿ, ಸರಿಯಾಗಿ ಕೊಯ್ಲಿನ ಕಾಲಕ್ಕೆ, ಬೆಟ್ಟದ ದಾರಿಯ ಸುತ್ತಲೇ ಕಾದಾಟ ಹತ್ತಿಕೊಂಡಿತು. ಮಾಗಿದ ಹಣ್ಣು ಬಳ್ಳಿಯ ಮೇಲೆ ಕಾಯಬೇಕಾದರೆ ಏನಾಗುತ್ತದೆಂದು ನಿಮಗೆ ಗೊತ್ತು. ನೀರಾರಿ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ, ಕಾಳು ಸುಕ್ಕುತ್ತದೆ. ಆದರೂ ಆ ವರ್ಷ ಹೇಗೋ ವೈನಾಯಿತು. 1984ರಲ್ಲಿ ಅದೃಷ್ಟ ಅಷ್ಟೂ ಇರಲಿಲ್ಲ. ಕಾದಾಟದ ಸಾಲು ತೋಟಕ್ಕೂ ಗಜೀರಿಗೂ ನಡುವೆಯೇ ಇತ್ತು. ದ್ರಾಕ್ಷಿ ಹೊತ್ತ ಲಾರಿಗಳು ಸುತ್ತು ದಾರಿ ಹಿಡಿದು, ತಡೆಗಟ್ಟೆಗಳಲ್ಲಿ ನಿಂತು ದಿನಗಟ್ಟಲೆ ಕಳೆದವು.

ಕಬ್ಬು ಕಡಿದು ಸಕ್ಕರೆ ಕಾರ್ಖಾನೆಯ ಬಾಗಿಲಲ್ಲಿ ಎರಡು ದಿನ ಸರದಿ ಕಾಯುವವರಿಗೆ ತೂಕ, ಸಕ್ಕರೆ ಎರಡೂ ಇಳಿಯುವ ಸಂಕಟ ಗೊತ್ತಿದೆ. ದ್ರಾಕ್ಷಿಯಲ್ಲಿ ಅದು ಇನ್ನೂ ಬೇಗ. ಲಾರಿಯ ತಳದ ಗೊಂಚಲು ಮೇಲಿನ ಭಾರಕ್ಕೆ ಒಡೆದು ರಸ ಬಿಡುತ್ತದೆ. ಆ ರಸಕ್ಕೆ ಹುದುಗು ತಾನಾಗಿ ಬೀಳುತ್ತದೆ. ಹುದುಗು ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲಾಮ್ಲವಾಗಿಯೂ ಒಡೆಯುವಾಗ ಶಾಖ ಹುಟ್ಟುತ್ತದೆ. ತೊಟ್ಟಿಯಲ್ಲಾದರೆ ತಣ್ಣೀರು ಹಾಯಿಸಿ ಆ ಶಾಖವನ್ನು ತಗ್ಗಿಸಬಹುದು. ಬಿಸಿಲಲ್ಲಿ ನಿಂತ ಲಾರಿಯಲ್ಲಿ ಯಾರು ತಗ್ಗಿಸುತ್ತಾರೆ? ಶಾಖ ಮಿತಿ ಮೀರಿದಾಗ ಹುದುಗು ಸುಸ್ತಾಗುತ್ತದೆ, ಗಾಳಿ ತಾಗಿದ ಕಡೆ ವಿನೆಗರಿನ ಸೂಕ್ಷ್ಮಾಣುಗಳು ಮೇಲುಗೈ ಪಡೆಯುತ್ತವೆ. 1984ರ ದ್ರಾಕ್ಷಿ ಗಜೀರಿಗೆ ಬಂದಾಗ ಆಗಲೇ ಹುದುಗುತ್ತಿತ್ತು. ಅಂದರೆ ಆ ವರ್ಷದ ವೈನು ಶುರುವಾದದ್ದು ಕಾರ್ಖಾನೆಯಲ್ಲಲ್ಲ, ರಸ್ತೆಯಲ್ಲಿ. ಬೇರೆ ವರ್ಷಗಳಂತೆ ಅದನ್ನು ಅವರು ಮಾರುಕಟ್ಟೆಗೆ ಬಿಡಲಿಲ್ಲ. ಚೆಲ್ಲಲೂ ಇಲ್ಲ, ಸೀಸೆಗೆ ತುಂಬಿ ಇಟ್ಟರು.

ಅದೇ 1984ರಲ್ಲಿ ಇಂಗ್ಲೆಂಡಿನ 'ಡಿಕ್ಯಾಂಟರ್' ಎಂಬ ವೈನು ಪತ್ರಿಕೆ ವರ್ಷದ ವ್ಯಕ್ತಿ ಎಂಬ ಗೌರವವನ್ನು ಮೊಟ್ಟಮೊದಲ ಬಾರಿಗೆ ಕೊಟ್ಟಾಗ ಅದು ಸಂದದ್ದು ಸೆರ್ಜ್ ಹೊಶಾರ್‌ಗೆ. ಫ್ರಾನ್ಸಿನವನಿಗಲ್ಲ, ಇಟಲಿಯವನಿಗಲ್ಲ.

ಅದು ಹೇಗಾಯಿತೆಂಬುದೇ ನನ್ನ ಮಾತಿನ ತಿರುಳು. ಯುದ್ಧಕ್ಕೆ ಮೊದಲು ಅವರ ಸರಕು ಬಹುಮಟ್ಟಿಗೆ ಲೆಬನಾನಿನಲ್ಲೇ ಖರ್ಚಾಗುತ್ತಿತ್ತು. ಬೇರೂತಿನ ಹೋಟೆಲುಗಳಿಗೆ ಗುಂಡು ಬಿದ್ದ ಮೇಲೆ ಆ ಮಾರುಕಟ್ಟೆ ಹೋಯಿತು. ಸಾಮಾನ್ಯ ಹಣ್ಣಿನ ವ್ಯಾಪಾರಿಯಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇವರ ನೆಲಮಾಳಿಗೆಯಲ್ಲಿ ಏಳೇಳು ವರ್ಷ ಕಾಯುವ ಪದ್ಧತಿಯಿಂದಾಗಿ ಹಳೆಯ ವರ್ಷಗಳ ವೈನು ಸಾಲುಸಾಲಾಗಿ ಮಲಗಿತ್ತು. ಹಾಗೆ ಕೂಡಿದ್ದ ಸರಕಿನಲ್ಲಿ 1967ರ ವೈನನ್ನು 1979ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈನು ಮೇಳಕ್ಕೆ ಒಯ್ದರು. ಮೈಕೆಲ್ ಬ್ರಾಡ್‌ಬೆಂಟ್ ಎಂಬ ಹೆಸರಾಂತ ಪರೀಕ್ಷಕ ಅದನ್ನು ರುಚಿ ನೋಡಿ, ಈ ಮೇಳದಲ್ಲಿ ಕಂಡುಕೊಂಡದ್ದೆಂದರೆ ಇದೇ ಎಂದು ಸಾರಿದ. ಅಲ್ಲಿಂದ ಮುಂದೆ ಇಂಗ್ಲೆಂಡು ಅವರ ಮುಖ್ಯ ಗಿರಾಕಿಯಾಯಿತು. ಮನೆಯಲ್ಲಿ ಕೊಳ್ಳುವವರಿಲ್ಲದ ಕಾಲಕ್ಕೆ, ಶಾಂತಿಯ ಕಾಲದಲ್ಲಿ ತಂದೆ ಬದುಕಿದ್ದಾಗ ಕೊಯ್ದ ದ್ರಾಕ್ಷಿ ಮಕ್ಕಳ ಕೈ ಹಿಡಿಯಿತು.

ಇದರ ಇನ್ನೊಂದು ಮುಖವೂ ಇದೆ. ಏಳು ವರ್ಷ ತಡೆದು ಮಾರುವವನಿಗೆ ನಷ್ಟವೂ ಏಳು ವರ್ಷ ತಡವಾಗಿ ಬರುತ್ತದೆ. 1976ರ ಖಾಲಿ ಜಾಗ ಗಲ್ಲಾಪೆಟ್ಟಿಗೆಯಲ್ಲಿ ಕಾಣಿಸಿಕೊಳ್ಳಬೇಕಾದದ್ದು 1983ರ ಸುಮಾರಿಗೆ, ಸರಿಯಾಗಿ ರಸ್ತೆ ಮತ್ತೆ ಮುಚ್ಚಿದಾಗ. ಬಡ್ಡಿಯ ಸಾಲ ತಂದು ಈ ಬಗೆಯ ಕಸಬು ಮಾಡಲಾಗುವುದಿಲ್ಲ. ನಮ್ಮ ರಾಜ್ಯದಲ್ಲಿ 2007ರ ವೈನು ನೀತಿ ಬಂದ ಮೇಲೆ ವೈನು ದ್ರಾಕ್ಷಿ ಹಾಕಿದವರೂ ಹಾಕಬೇಕೆನ್ನುವವರೂ ಈ ಲೆಕ್ಕವನ್ನು ನನ್ನ ಬಳಿ ಕೇಳುತ್ತಾರೆ. ಹಣ್ಣು ಬೆಳೆದು ಕಾರ್ಖಾನೆಗೆ ಕೊಡುವವನ ಲೆಕ್ಕವೇ ಬೇರೆ, ತಾನೇ ಮಾಡಿ ಕಾಯುವವನ ಲೆಕ್ಕವೇ ಬೇರೆ ಎಂದು ಅವರಿಗೆ ಹೇಳುತ್ತೇನೆ. ಮೊದಲನೆಯವನಿಗೆ ಒಪ್ಪಂದದ ಕಾಗದ ಗಟ್ಟಿಯಾಗಿರಬೇಕು, ಎರಡನೆಯವನಿಗೆ ಬೇರೆ ಆದಾಯವಿರಬೇಕು.

ವಿದ್ವಾಂಸರೆಲ್ಲ ಈ ವೈನನ್ನು ಮೆಚ್ಚಿದ್ದಾರೆಂದು ತಿಳಿಯಬೇಡಿ. ಅದರಲ್ಲಿ ವಿನೆಗರಿನ ಅಂಶ ಇರಬೇಕಾದದ್ದಕ್ಕಿಂತ ಹೆಚ್ಚೆಂದು ಆಕ್ಷೇಪಿಸುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಪ್ರಯೋಗಶಾಲೆಯಲ್ಲಿ ಕುಳಿತವನಾಗಿ ನಾನೂ ಬಹುಶಃ ಹಾಗೆಯೇ ವರದಿ ಬರೆಯುತ್ತಿದ್ದೆ. ಸೆರ್ಜ್ ಅದನ್ನು ತಪ್ಪೆಂದು ಒಪ್ಪಲೇ ಇಲ್ಲ. ಒಂದೊಂದು ವರ್ಷದ ವೈನು ಒಂದೊಂದು ಬಗೆಯಾಗಿರಬೇಕು, ಅದು ಬದುಕಿರುವ ವಸ್ತು ಎಂಬುದು ಅವನ ವಾದ. ತಾನು ಕಲಿತ ಬೋರ್ಡೊದ ಗುರುಗಳ ಪಾಠದಲ್ಲಿ ಅರ್ಧವನ್ನು ಇಟ್ಟುಕೊಂಡು ಅರ್ಧವನ್ನು ಬಿಟ್ಟವನು ಅವನು. ಯಾವ ಅರ್ಧ ಸರಿಯೆಂಬುದರಲ್ಲಿ ನನಗೂ ಅವನಿಗೂ ಒಮ್ಮತವಿರುತ್ತಿರಲಿಲ್ಲ.

ಯುದ್ಧದ ದಿನಗಳಲ್ಲಿ ಶೆಲ್ಲು ಬೀಳುವಾಗ ಊರಿನವರು ಅದೇ ನೆಲಮಾಳಿಗೆಯಲ್ಲಿ ಆಶ್ರಯ ಪಡೆಯುತ್ತಿದ್ದರು. ಯುದ್ಧ ನಿಂತಾಗ ಲೆಬನಾನಿನಲ್ಲಿ ವೈನು ಮಾಡುವವರು ಬೆರಳೆಣಿಕೆಯಷ್ಟಿದ್ದರು, ಆಮೇಲೆ ಆ ಸಂಖ್ಯೆ ಐವತ್ತನ್ನು ದಾಟಿತು. 1994ರಿಂದ ಸೆರ್ಜ್‌ನ ಮಗ, ಅಜ್ಜನ ಹೆಸರಿನವನೇ ಆದ ಗಾಸ್ಟನ್, ಕೆಲಸಕ್ಕೆ ಇಳಿದ. 2006ರಲ್ಲಿ ತೋಟಗಳಿಗೆ ಸಾವಯವ ಪ್ರಮಾಣಪತ್ರ ಸಿಕ್ಕಿತು; ಅದೇ ವರ್ಷ ಜುಲೈ ಆಗಸ್ಟ್ ತಿಂಗಳಲ್ಲಿ ಇಸ್ರೇಲಿನೊಡನೆ ನಡೆದ ಯುದ್ಧ ಕೊಯ್ಲಿನ ಹೊಸ್ತಿಲವರೆಗೆ ಬಂದು ನಿಂತಿತು. 2014ರ ಡಿಸೆಂಬರ್ 31ರಂದು ಸೆರ್ಜ್ ಮೆಕ್ಸಿಕೋ ದೇಶದಲ್ಲಿ ತೀರಿಕೊಂಡ. ಕಸಬು ಮನೆತನದಲ್ಲೇ ಉಳಿಯಿತು, ಅಣ್ಣನ ಮಕ್ಕಳೂ ತಮ್ಮನ ಮಗನೂ ಅದರಲ್ಲಿದ್ದಾರೆ. 2019ರ ಕೊನೆಯಿಂದ ದೇಶದ ಹಣ ಬೆಲೆ ಕಳೆದುಕೊಂಡಿತು, ಬ್ಯಾಂಕುಗಳು ಬಾಗಿಲು ಬಿಗಿದವು. 2020ರ ಆಗಸ್ಟ್ 4ರಂದು ಬೇರೂತ್ ಬಂದರು ಸ್ಫೋಟದಲ್ಲಿ ಹಾಳಾಯಿತು. ಹೊರದೇಶದ ಗಿರಾಕಿಗಳಿದ್ದವರಿಗೆ ಆಗಲೂ ಸ್ವಲ್ಪ ಉಸಿರಿತ್ತು.

2024ರ ಸೆಪ್ಟೆಂಬರಿನಲ್ಲಿ ಬೆಕಾ ಕಣಿವೆಯ ಮೇಲೆ ಮತ್ತೆ ಬಾಂಬುಗಳು ಬಿದ್ದವು. ತಿಂಗಳು ಯಾವುದೆಂದು ಗಮನಿಸಿದಿರಾ? ಕೊಯ್ಲಿನ ತಿಂಗಳು. ಆ ವರ್ಷದ ಬೆಳೆಯ ಕೆಂಪು ವೈನು ಈ ಮನೆತನದ ಕ್ರಮದಂತೆ ಹೊರಗೆ ಬರಬೇಕಾದದ್ದು 2031ರಲ್ಲಿ.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಬಹುದು. ಬೇರುಸಸಿಗಳ ವಿಚಾರ ಕೇಳುವವರು ಆಮೇಲೆ ನರ್ಸರಿಯ ಹತ್ತಿರ ಬನ್ನಿ, ಅಲ್ಲಿ ಗಿಡ ತೋರಿಸಿಯೇ ಹೇಳುತ್ತೇನೆ.